ಬೂಷ್ಟು ಹಿಡಿದ ಕಲ್ಲು

ಕಳೆದ ವಾರ ಮಗಳ ಹೊಸ ಶೂ ಪೆಟ್ಟಿಗೆ ತೆರೆದಾಗ ಒಳಗಿಂದ ಬೆರಳುದ್ದದ ಬಿಳಿ ಪೊಟ್ಟಣವೊಂದು ನೆಲಕ್ಕೆ ಬಿತ್ತು. ತೇವ ಹೀರುವ ಸಿಲಿಕಾ ಜೆಲ್. ತಿನ್ನಬಾರದು ಎಂದು ನಾಲ್ಕು ಭಾಷೆಯಲ್ಲಿ ಬರೆದಿರುತ್ತಾರಲ್ಲ, ಅದೇ. ಕಸದ ಬುಟ್ಟಿಗೆ ಹಾಕಲು ಹೋದ ಕೈ ಅಲ್ಲೇ ನಿಂತಿತು. ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಈ ಪೊಟ್ಟಣವನ್ನು ಬಿಸಾಡುವ ಹಾಗಿರಲಿಲ್ಲ. ಬಿಸಾಡಿದರೆ ಮೂಲೆಮನೆಯವರು ಬಂದು ಕಸದ ಚೀಲ ಬಿಚ್ಚಿ ಹುಡುಕುತ್ತಿದ್ದರು.

ಬಣ್ಣ ಕಟ್ಟಿ ಹೇಳುತ್ತಿಲ್ಲ. ನಮ್ಮ ಗೇಟಿನ ಹೊರಗಿನ ಕಸದ ಡಬ್ಬದ ಮುಂದೆ ಲುಂಗಿ ಎತ್ತಿಕಟ್ಟಿ, ಕುಕ್ಕರಗಾಲಲ್ಲಿ ಕೂತು, ತರಕಾರಿ ಸಿಪ್ಪೆಯ ನಡುವೆ ಕೈಯಾಡಿಸುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಾನು ನೋಡಿದೆನೆಂದು ಗೊತ್ತಾದಾಗ ನಾಚಿಕೆಯೂ ಪಡಲಿಲ್ಲ. ಮಾಲ್‌ನ ಚಪ್ಪಲಿ ಅಂಗಡಿಗಳಲ್ಲೂ ಇದೇ ಕತೆ. ಅವರು ಒಳಗೆ ಕಾಲಿಟ್ಟರೆ ಸಾಕು, ಅಲ್ಲಿನ ಹುಡುಗಿಯರು ದೂರದಿಂದಲೇ "ಅಂಕಲ್, ಟುಡೇ ನೋ ಪ್ಯಾಕೆಟ್ ಲಾ" ಎಂದು ನಗುತ್ತಿದ್ದರು. ಕನ್ನಡದವರ ಮಾನ ಕಳೆಯುವುದಕ್ಕೇ ಈ ಮನುಷ್ಯ ಇಷ್ಟು ದೂರ ಬಂದಿದ್ದಾನೆ ಎಂದು ನಾನು ಹಲ್ಲು ಕಚ್ಚುತ್ತಿದ್ದೆ.

ಅವರು ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಮಗಳ ಜೊತೆ ಇದ್ದರು. ಮಗಳಿಗೆ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ; ಬೆಳಿಗ್ಗೆ ಕಾರು ಹತ್ತಿದರೆ ಮತ್ತೆ ಮುಖ ಕಾಣುವುದು ಸಂಜೆಗೇ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮೂಲ ಬಳ್ಳಾರಿ ಕಡೆ, ವಯಸ್ಸು ಎಪ್ಪತ್ತರ ಹತ್ತಿರ, ವೃತ್ತಿಯಲ್ಲಿ ಭೂವಿಜ್ಞಾನಿ. ಮಲೇಷ್ಯಾಕ್ಕೆ ಬಂದದ್ದು ಇಪೋ ಕಡೆಯ ತವರದ ಗಣಿಗಳಿಗೆ ಸಲಹೆ ಕೊಡಲು ಎಂದು ನಮಗೆಲ್ಲ ಹೇಳಿದ್ದರು. ಯಾವ ಗಣಿಯವರೂ ಅವರನ್ನು ಕರೆದಿರಲಿಲ್ಲ. ಒಬ್ಬರೇ ಬಳ್ಳಾರಿಯಲ್ಲಿ ಇರಲಾರರೆಂದು ಮಗಳು ಕರೆತಂದಿದ್ದಳು, ಅಷ್ಟೇ. ಬೀದಿಯ ಮಕ್ಕಳು ಅವರನ್ನು ರಾಕ್ ಅಂಕಲ್ ಎನ್ನುತ್ತಿದ್ದರು. ನಾನೂ ನನ್ನ ಗಂಡನೂ ಮನೆಯೊಳಗೆ ಇಟ್ಟುಕೊಂಡಿದ್ದ ಹೆಸರು ಬೇರೆಯೇ ಇತ್ತು, ಅದನ್ನಿಲ್ಲಿ ಬರೆಯುವುದಿಲ್ಲ.

ಅವರು ಇಪ್ಪತ್ತು ವರ್ಷ ಕೆಲಸ ಮಾಡಿದ್ದು ನಮೀಬಿಯಾದ ಮರುಭೂಮಿಯ ಅಂಚಿನ ಒಂದು ಗಣಿ ಊರಿನಲ್ಲಿ. ತಾಮ್ರ, ಸೀಸ ತೆಗೆಯುವ ಊರು. ಆದರೆ ಜಗತ್ತಿನಲ್ಲಿ ಆ ಊರಿಗೆ ಹೆಸರು ಬಂದದ್ದು ಬೇರೆಲ್ಲೂ ಸಿಗದ ಖನಿಜದ ಹರಳುಗಳಿಂದ. ಕಲ್ಲು ಸಂಗ್ರಹಿಸುವ ಹುಚ್ಚಿನವರಿಗೆ ಆ ಊರೆಂದರೆ ತಿರುಪತಿ. ಇದನ್ನು ಅವರು ನಮಗೆ ಒಂದು ಸಲ ಹೇಳಿದ್ದರೆ ಸಾಕಾಗಿತ್ತು. ದೀಪಾವಳಿಗೆ ಹತ್ತು ಕನ್ನಡ ಮನೆಯವರು ಸೇರಿ ಊಟಕ್ಕೆ ಕೂತರೆ, ಎಲೆಗೆ ಚಿತ್ರಾನ್ನ ಬಿದ್ದ ಕೂಡಲೇ ಇವರ ಜೇಬಿನಿಂದ ಕರವಸ್ತ್ರದ ಗಂಟು ಹೊರಗೆ ಬರುತ್ತಿತ್ತು. ಒಳಗೆ ಹಸಿರು ಹರಳೋ ನೇರಳೆ ಹರಳೋ. ಅದು ಕೈಯಿಂದ ಕೈಗೆ ಹೋಗುತ್ತಿತ್ತು, ಅನ್ನ ತಣ್ಣಗಾಗುತ್ತಿತ್ತು. "ಇದು ನಾನಾ ಕಂಡಿದ್ದು. ಒಂಬೈನೂರು ಮೀಟರ್ ಕೆಳಗ, ಟಾರ್ಚ್ ಹಿಡಕೊಂಡು ಒಬ್ಬನಾ ಹೋಗಿದ್ದೆ" ಎಂದು ಶುರುವಾದರೆ ಪಾಯಸ ಬರುವವರೆಗೂ ನಿಲ್ಲುತ್ತಿರಲಿಲ್ಲ. ಪ್ರತಿ ಹರಳನ್ನೂ ಅವರೇ ಕಂಡಿದ್ದರು. ಪ್ರತಿ ಸಲವೂ ಒಬ್ಬರೇ ಹೋಗಿದ್ದರು. ಅಷ್ಟು ದೊಡ್ಡ ಗಣಿಯಲ್ಲಿ ಬೇರೆ ಯಾರೂ ಕೆಲಸ ಮಾಡುತ್ತಲೇ ಇರಲಿಲ್ಲವೇನೋ...

ಈ ದೇಶವನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ಮಾಮಕ್ ಎನ್ನುವ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನ ಚಹಾ ಅವರಿಗೆ ಸಕ್ಕರೆ ಪಾಕ. ಇಲ್ಲಿನ ಗಾಳಿ ಒದ್ದೆ ಬಟ್ಟೆ. ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆಂದು ಎಲ್ಲರೆದುರು ತಾಯಂದಿರಿಗೆ ಛೀಮಾರಿ ಹಾಕುತ್ತಿದ್ದರು, ತಮ್ಮ ಮಗಳು ತಮ್ಮೊಡನೆ ಹೆಚ್ಚಾಗಿ ಮಾತೇ ಆಡುವುದಿಲ್ಲ ಎಂಬುದನ್ನು ಮರೆತು. ನಾನು ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಪಾಠ ಮಾಡುವವಳು. ನನ್ನ ವೃತ್ತಿಯ ಬಗ್ಗೆ ಅವರ ಅಭಿಪ್ರಾಯ ಒಂದೇ ಸಾಲಿನದು: "ಮಾಂಸದ ಚೂರು ಗಾಜಿಗೆ ಅಂಟಿಸ್ತೀರಿ, ಅದ್ರಾಗೇನೈತ್ರಿ ಡಾಕ್ಟ್ರ?" ಮೈಸೂರಿನಲ್ಲಿ ಹುಟ್ಟಿ, ಮಣಿಪಾಲದಲ್ಲಿ ಓದಿ, ಇಪ್ಪತ್ತು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಾಗಿ ಕತ್ತು ನೋಯಿಸಿಕೊಂಡವಳಿಗೆ ಕೇಳಬೇಕಾದ ಮಾತು!

ಇನ್ನು ಡಬ್ಬಿಗಳ ವಿಷಯ. ಏನಾದರೂ ಮಾಡಿದಾಗ, ಹಗಲೆಲ್ಲ ಒಬ್ಬರೇ ಇರುತ್ತಾರಲ್ಲ ಎಂಬ ಕರುಣೆಯಿಂದ, ಬಿಸಿಬೇಳೆಬಾತನ್ನೋ ಪಲ್ಯವನ್ನೋ ಡಬ್ಬಿಗೆ ಹಾಕಿ ನನ್ನ ಮಗಳ ಕೈಲಿ ಕಳಿಸುತ್ತಿದ್ದೆ. ಡಬ್ಬಿ ವಾಪಸ್ ಬರುತ್ತಿರಲಿಲ್ಲ. ರಬ್ಬರ್ ಪಟ್ಟಿಯ, ನಾಲ್ಕೂ ಕಡೆ ಟಕ್ಕೆಂದು ಕೂರುವ ಒಳ್ಳೆಯ ಡಬ್ಬಿಗಳು. ಒಮ್ಮೆ ಅವರ ಮನೆಗೆ ಹೋದಾಗ ನೋಡುತ್ತೇನೆ, ಕಪಾಟಿನ ತುಂಬ ನನ್ನ ಡಬ್ಬಿಗಳು, ಒಳಗೆ ಕಲ್ಲುಗಳು! ಕೆಲವಕ್ಕೆ ತೇವ ತಾಗಬಾರದು, ಅದಕ್ಕೇ ಗಾಳಿಯಾಡದ ಡಬ್ಬಿ, ಅದಕ್ಕೇ ಕಸದಿಂದ ಹೆಕ್ಕಿದ ಪೊಟ್ಟಣ. ಕೇಳದೆ ತೆಗೆದುಕೊಂಡದ್ದಕ್ಕೆ ಕ್ಷಮೆ ಕೇಳುತ್ತಾರೇನೋ ಎಂದುಕೊಂಡೆ. "ನಿಮ್ಮ ಪಲ್ಯಾಕ್ಕಿಂತ ಇದಕ್ಕ ಚಲೋ ಡಬ್ಬಿ ಬೇಕಾಗ್ತೈತಿ" ಎಂದರು. ಆ ದಿನದಿಂದ ನಾನು ಐಸ್‌ಕ್ರೀಮಿನ ಹಳೆಯ ಡಬ್ಬಿಯಲ್ಲಿ ಮಾತ್ರ ಕಳಿಸುತ್ತಿದ್ದೆ.

ಪ್ರತಿ ಕಲ್ಲಿನ ಅಡಿಯಲ್ಲೂ ಒಂದು ಚೀಟಿ ಇರುತ್ತಿತ್ತು. ಮುಂದಿನ ಬದಿಯಲ್ಲಿ ಇಂಗ್ಲಿಷ್: ಖನಿಜದ ಹೆಸರು, ಗಣಿ, ಎಷ್ಟು ಆಳ. ಹಿಂದಿನ ಬದಿಯಲ್ಲಿ ಕನ್ನಡ. ಮರುಭೂಮಿಯ ಆ ಊರಿನಲ್ಲಿ ಕನ್ನಡ ಓದಬಲ್ಲವರು ಅವರೊಬ್ಬರೇ ಇದ್ದುದರಿಂದ, ಬೇರೆಯವರು ಓದಬಾರದ್ದನ್ನೆಲ್ಲ ಹಿಂಬದಿಗೆ ಬರೆಯುತ್ತಿದ್ದರು. ಚೀಟಿಯ ವಿಷಯದಲ್ಲಿ ಅವರಷ್ಟು ಮಡಿವಂತರನ್ನು ನಾನು ಕಂಡಿಲ್ಲ. ಒಂದು ಚೂರು ಮುರಿದರೆ ಮುರಿಯಿತೆಂದು ಬರೆಯಬೇಕು. ಅಂಟು ಹಾಕಿದರೆ ಅಂಟು ಹಾಕಿದ್ದೇನೆಂದು ಬರೆಯಬೇಕು. ಯಾರ ಕೈಯಿಂದ ಯಾರ ಕೈಗೆ ಬಂತು, ಅದೂ ಬೇಕು. "ಚೀಟಿ ಸುಳ್ಳಾತಂದ್ರ ಈ ಕಲ್ಲು ಎಲ್ಲೀದು, ಏನು ಅಂತ ಮುಂದ ಯಾರಿಗೂ ಗೊತ್ತಾಗಂಗಿಲ್ಲ" ಎನ್ನುತ್ತಿದ್ದರು. ನನ್ನ ಮಗಳು ಆಟದ ಮೈದಾನದಲ್ಲಿ ಹೆಕ್ಕಿ ತಂದ ಜಲ್ಲಿಕಲ್ಲಿಗೂ ಒಂದು ಚೀಟಿ ಬರೆದುಕೊಟ್ಟಿದ್ದರು: "ಸುಬಾಂಗ್ ಜಯಾ, ಜಾರುಬಂಡೆಯ ಪಕ್ಕ. ಕಂಡವಳು ಡಾಕ್ಟರ್ ಮಗಳು." ಅವಳಿಗಾಗ ಎಂಟು ವರ್ಷ. "ಹೀ ಟುಕ್ ಮೀ ಸೀರಿಯಸ್ಲಿ, ಅಮ್ಮ" ಎಂದು ಕುಣಿದಳು. ಕೆಲಸವಿಲ್ಲದವರ ಕೆಲಸ ಎಂದು ನಾನು ನಕ್ಕೆ.

ಆ ಕಲ್ಲುಗಳಲ್ಲೆಲ್ಲ ಅವರ ಪ್ರಾಣವಿದ್ದದ್ದು ಒಂದೇ ಕಲ್ಲಿನ ಮೇಲೆ. ನೋಡಲು ಅದರಷ್ಟು ದರಿದ್ರವಾದ ಕಲ್ಲು ಇನ್ನೊಂದಿರಲಿಲ್ಲ. ನಿಂಬೆಹಣ್ಣಿನ ಗಾತ್ರ, ಕಂದು ಬಣ್ಣ, ಒಂದು ಬದಿಯಲ್ಲಿ ಹಸಿರು ಮಿಶ್ರಿತ ಹಳದಿಯ ಪುಡಿಪುಡಿ ಪದರ. ಹಳೆಯ ಬ್ರೆಡ್ಡಿನ ಮೇಲೆ ಬರುತ್ತದಲ್ಲ, ಹಾಗೆ. ಆ ಪದರ ಯಾರೂ ಇದುವರೆಗೆ ಹೆಸರಿಡದ ಹೊಸ ಖನಿಜ ಎಂಬುದು ಅವರ ನಂಬಿಕೆ. ಮಳೆಯೇ ಇಲ್ಲದ ಕಡೆ ಮಾತ್ರ ಹುಟ್ಟುವಂಥದ್ದು, ನೀರು ತಗುಲಿದರೆ ಹೋಯಿತು. ವರ್ಷಗಟ್ಟಲೆ ಹೊರದೇಶದ ವಿಜ್ಞಾನಿಗಳಿಗೆ ಪತ್ರ ಬರೆದಿದ್ದರು. ಕೊನೆಗೆ ಒಬ್ಬರು, ಒಂದು ಚೂರು ಕಳಿಸಿ, ಪರೀಕ್ಷೆ ಮಾಡಿ ನೋಡೋಣ ಎಂದು ಉತ್ತರ ಬರೆದರು. ಒಂದು ಚೂರು! ಕವರಿಗೆ ಹಾಕಿ ಅಂಚೆಗೆ ಕೊಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಈ ಮಹಾನುಭಾವರಿಗೆ ಅಂಚೆಯ ಮೇಲೆ ನಂಬಿಕೆಯಿಲ್ಲ, ವಿಜ್ಞಾನಿಯ ಮೇಲೆ ನಂಬಿಕೆಯಿಲ್ಲ, ಚೂರು ಮುರಿಯಲು ಮನಸ್ಸಿಲ್ಲ. ಇಡೀ ಕಲ್ಲನ್ನು ತಾವೇ ಹೊತ್ತು ಹೋಗಿ, ತಮ್ಮೆದುರೇ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮೊದಲು ಬಳ್ಳಾರಿಗೆ ಹೋಗಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬರಬೇಕು, ಯಾಕೆಂದರೆ ಹೊಸ ಖನಿಜ ಎಂದು ಆ ವಿಜ್ಞಾನಿ ಹೇಳುವ ಗಳಿಗೆಯನ್ನು ಸರಿಯಾಗಿ ನೋಡಬೇಕಂತೆ.

ಹಾಗೆ ಆ ಕಲ್ಲು ನಮ್ಮ ಮನೆಗೆ ಬಂತು. ಅವರ ಮಗಳು ಕಂಪನಿಯ ಕೆಲಸದ ಮೇಲೆ ಸಿಂಗಪುರದಲ್ಲಿದ್ದಳು, ಮನೆಗೆ ಬೀಗ. ಭಾರತಕ್ಕೆ ಒಯ್ದರೆ ಕಸ್ಟಮ್ಸ್‌ನವರು ಡಬ್ಬಿ ತೆಗೆಸುತ್ತಾರೆಂಬ ಭಯ. ಒಂದು ಶನಿವಾರ ಬೆಳಿಗ್ಗೆ, ನನ್ನದೇ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಊಟದ ಮೇಜಿನ ಮೇಲಿಟ್ಟರು. ಕಲ್ಲಿನ ಸುತ್ತ ನೀಲಿ ಮಣಿಗಳು, ಅದೂ ಸಿಲಿಕಾ ಜೆಲ್ಲೇ, ತೇವ ಕುಡಿದಂತೆ ಗುಲಾಬಿ ಬಣ್ಣಕ್ಕೆ ತಿರುಗುವ ಜಾತಿಯದು. ಶನಿವಾರ ಶನಿವಾರ ಆ ಮಣಿಗಳನ್ನು ಓವನ್ನಿನಲ್ಲಿಟ್ಟು ಕಾಯಿಸಿ, ಮತ್ತೆ ನೀಲಿಯಾದ ಮೇಲೆ ಡಬ್ಬಿಗೆ ಹಾಕಬೇಕು. ಕಲ್ಲನ್ನು ಮುಟ್ಟಬಾರದು, ಊದಬಾರದು, ಒರೆಸಬಾರದು. ನಾನು ಕೇಕ್ ಮಾಡುವ ಓವನ್ನಿನಲ್ಲಿ ಇವರ ಮಣಿ! ಬೇಡ ಎನ್ನಲು ಬಾಯಿ ತೆರೆದೆ.

"ನೀವು ಸ್ಲೈಡಿಗೆ ಚೀಟಿ ಹಚ್ಚೋರು. ನಿಮಗೊಬ್ರಿಗಾ ಇದರ ಬೆಲಿ ಗೊತ್ತಿರ್ತೈತಿ ಅಂತ ಕೊಡಾಕತ್ತೀನಿ, ಡಾಕ್ಟ್ರ," ಎಂದರು.

ಆ ಮಾತಿನಿಂದ ನನಗೆ ಹೆಮ್ಮೆಯೇನೂ ಆಗಲಿಲ್ಲ. ಬೇಕಾದಾಗ ಹೊಗಳುವ ಬುದ್ಧಿ ನೋಡು ಎಂದುಕೊಂಡೆ. ಅವರು ಹೋದ ಮೇಲೆ ಕುತೂಹಲಕ್ಕೆ ಕಲ್ಲಿನ ಅಡಿಯ ಚೀಟಿಯನ್ನು ಮೆಲ್ಲನೆ ಎಳೆದು ಹಿಂದಿನ ಬದಿ ಓದಿದೆ. "ಕಂಡವನು ನಾನಲ್ಲ. ಕೆಳಗೆ ಕೆಲಸ ಮಾಡುವವನೊಬ್ಬ ಊಟದ ಡಬ್ಬಿಯಲ್ಲಿ ಅಡಗಿಸಿ ತಂದದ್ದು. ಒಂದು ಜೊತೆ ಬೂಟಿಗೆ ಕೊಟ್ಟ. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ." ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ! ಟಾರ್ಚ್ ಹಿಡಿದು ಒಬ್ಬರೇ ಹೋಗಿದ್ದರಂತೆ! ಸಂಜೆ ಗಂಡ ಮನೆಗೆ ಬರುವುದನ್ನೇ ಕಾದಿದ್ದು, ಅವರು ಚಪ್ಪಲಿ ಬಿಡುವ ಮೊದಲೇ ಹೇಳಿ ಇಬ್ಬರೂ ಬಿದ್ದುಬಿದ್ದು ನಕ್ಕೆವು. ಆ ಚೀಟಿಯನ್ನು ಬರೆದದ್ದೂ ಅದೇ ಮನುಷ್ಯ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲ ಶನಿವಾರ ಮಣಿ ಕಾಯಿಸಿದೆ. ಎರಡನೆಯ ಶನಿವಾರ ಪರೀಕ್ಷೆಯ ಪತ್ರಿಕೆಗಳಿದ್ದವು. ಮೂರನೆಯ ಶನಿವಾರ ನೆನಪಿತ್ತು, ಆದರೂ ಮಾಡಲಿಲ್ಲ. ಆಗ ನವರಾತ್ರಿ ಹತ್ತಿರ ಬಂದಿತ್ತು, ಉಡುಪಿಯಿಂದ ಅತ್ತೆ ಬಂದಿದ್ದರು. ಇಲ್ಲಿನ ತೇವಕ್ಕೆ ಹೆದರಿದ ಅತ್ತೆ ದಿನಾ ಒಂದೊಂದು ಕಪಾಟು ತೆಗೆದು ಬೂಷ್ಟು ಹುಡುಕುತ್ತಿದ್ದರು. ಚರ್ಮದ ಚೀಲ, ಬೆಲ್ಟು, ಹಳೆಯ ಪುಸ್ತಕ, ಎಲ್ಲವನ್ನೂ ಒರೆಸಿ ಬಿಸಿಲಿಗೆ ಹಾಕಿದರು. ಆಯುಧಪೂಜೆಯ ಹಿಂದಿನ ದಿನ ನಾವಿಬ್ಬರೂ ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಸೇವಂತಿಗೆ, ಮಾವಿನೆಲೆ, ಕುಂಬಳಕಾಯಿ ತಂದೆವು. ಮರುದಿನ ಬೆಳಿಗ್ಗೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಅಂಕಗಳನ್ನು ತುಂಬಿಸುತ್ತಿದ್ದಾಗ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

"ಎಂತ ಮಾರಾಯ್ತಿ ಇದು, ಕಲ್ಲಿಗೂ ಬೂಷ್ಟು ಬಂದಿದೆಯಲ್ಲ! ಯಾರದ್ದು?"

"ಯಾರೋ ಹುಚ್ಚರದ್ದು ಅತ್ತೆ. ಎಲ್ಲಾದ್ರೂ ಎತ್ತಿಡಿ," ಎಂದೆ. ಕಣ್ಣು ತೆರೆಯಿಂದ ತೆಗೆಯಲಿಲ್ಲ.

"ಮೂಲೆಮನೆಯವರದ್ದಾ? ಅವರ ವಿದ್ಯೆಯದ್ದಲ್ವಾ, ಹಾಗಾದ್ರೆ ಪೂಜೆಗೆ ಇಡ್ಬೇಕು."

ನಾನು ಹೂಂ ಎಂದೆನೋ ಏನೋ... ಈಗ ನೆನಪಿಲ್ಲ. ಬೇಡ ಎನ್ನಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಅರ್ಧ ಗಂಟೆ ಬಿಟ್ಟು ದೇವರ ಮುಂದೆ ಹೋದಾಗ ಮಣೆಯ ಮೇಲೆ ಎಲ್ಲ ಸಾಲಾಗಿ ಇದ್ದವು. ಗಂಡನ ಕಾರಿನ ಕೀಲಿ, ಅಡುಗೆಮನೆಯ ಚೂರಿ, ಮಗಳ ಜಾಮಿಟ್ರಿ ಪೆಟ್ಟಿಗೆ, ನನ್ನ ಹಳೆಯ ಸೂಕ್ಷ್ಮದರ್ಶಕ. ಕೊನೆಯಲ್ಲಿ ಆ ಕಲ್ಲು. ತೊಳೆದು, ತೆಂಗಿನನಾರಿನಿಂದ ತಿಕ್ಕಿ, ಒರೆಸಿ, ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ. ಕಂದು ಬಣ್ಣಕ್ಕೆ ಹೊಳೆಯುತ್ತಿತ್ತು. ಹಳದಿ ಪದರ ಇರಲಿಲ್ಲ. ಓಡಿಹೋಗಿ ಸಿಂಕ್ ನೋಡಿದೆ, ಅಲ್ಲೂ ಏನೂ ಉಳಿದಿರಲಿಲ್ಲ, ಅತ್ತೆ ಅದನ್ನೂ ತೊಳೆದಿಟ್ಟಿದ್ದರು. ಜಗತ್ತಿನಲ್ಲಿ ಅದೊಂದೇ ಕಡೆ ಇದ್ದದ್ದೋ, ಅಥವಾ ಬರೀ ಪುಡಿಯೋ, ಕೊಳವೆಯೊಳಗೆ ಇಳಿದು ಹೋಗಿತ್ತು.

ವಿಷಯ ತಿಳಿದಾಗ ಅತ್ತೆ, "ಅವರು ಬಂದ ಕೂಡ್ಲೇ ತಪ್ಪಾಯ್ತು ಅಂತ ಹೇಳುವ. ನಾನೇ ಹೇಳ್ತೇನೆ. ಬೈದ್ರೆ ಬೈಸಿಕೊಳ್ಳುವ, ಮನುಷ್ಯರಲ್ವಾ ಮಾರಾಯ್ತಿ," ಎಂದರು. ನಾನು ಬೇಡವೆಂದೆ. ನಾನು ಹೇಳಿಕೊಳ್ಳುತ್ತೇನೆ, ನೀವು ಚಿಂತೆ ಮಾಡಬೇಡಿ ಎಂದೆ. ಹೇಳುವ ಯೋಚನೆ ನನಗೆ ಆಗಲೇ ಇರಲಿಲ್ಲ. ಬೈಗುಳಕ್ಕೆ ಹೆದರಿ ಅಲ್ಲ. ಕಸದ ಡಬ್ಬದಲ್ಲಿ ಕೈಯಾಡಿಸುವ, ಮಾತೆತ್ತಿದರೆ ಸುಳ್ಳು ಹೇಳುವ ಆ ಮನುಷ್ಯನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಲ್ಲ ಎಂಬುದನ್ನು ನೆನೆದರೇ ಮೈ ಉರಿಯುತ್ತಿತ್ತು. ಕಲ್ಲಿನ ಕುಂಕುಮವನ್ನು ಹತ್ತಿಯಿಂದ ಒರೆಸಿ ತೆಗೆದೆ. ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿದೆ. ಮಣಿಗಳನ್ನು ಓವನ್ನಿನಲ್ಲಿಟ್ಟು ನೀಲಿ ಮಾಡಿದೆ. ಚೀಟಿಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಅಡಿಗಿಟ್ಟು ಡಬ್ಬಿಯ ನಾಲ್ಕೂ ಕಡೆ ಟಕ್ಕೆಂದು ಮುಚ್ಚಿದೆ. ನನ್ನ ವಿದ್ಯಾರ್ಥಿಗಳು ಸ್ಲೈಡಿನ ಚೀಟಿ ಅದಲುಬದಲು ಮಾಡಿದರೆ ಇಡೀ ತರಗತಿಯ ಮುಂದೆ ಎಬ್ಬಿಸಿ ನಿಲ್ಲಿಸುವವಳು ನಾನು.

ಅತ್ತೆ ಉಡುಪಿಗೆ ಹೊರಟ ವಾರದಲ್ಲೇ ಅವರು ಬಂದರು. ಎರಡೂ ಕಣ್ಣಿಗೆ ಆಪರೇಷನ್ ಆಗಿತ್ತು, ಕಪ್ಪು ಕನ್ನಡಕ, ಕೈಯಲ್ಲಿ ನನಗೆಂದು ತಂದ ಬಳ್ಳಾರಿಯ ಶೇಂಗಾ ಹೋಳಿಗೆಯ ಪೊಟ್ಟಣ. ಅದೇ ಮೊದಲ ಸಲ ಅವರು ನಮ್ಮ ಮನೆಗೆ ಏನಾದರೂ ತಂದದ್ದು. ಮೇಜಿನ ಮುಂದೆ ಕೂತು ಕನ್ನಡಕ ತೆಗೆದಿಟ್ಟರು, ಡಬ್ಬಿ ತೆರೆದರು. ಕುತ್ತಿಗೆಯಲ್ಲಿ ಯಾವಾಗಲೂ ನೇತಾಡುವ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಕಲ್ಲನ್ನು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು ತಿರುಗಿಸಿದರು. ಒಂದು ಸಂದಿಯ ಮೇಲೆ ಬಹಳ ಹೊತ್ತು ಭೂತಗನ್ನಡಿ ನಿಲ್ಲಿಸಿದರು. ನಾನು ಚಹಾದ ಲೋಟ ಹಿಡಿದು ನಿಂತೇ ಇದ್ದೆ.

"ಕಲ್ಲು ಹೊರಗ ತೆಗದಿದ್ರೇನ್ರಿ, ಡಾಕ್ಟ್ರ?"

"ಇಲ್ಲ ಅಂಕಲ್. ಶನಿವಾರ ಶನಿವಾರ ಮಣಿ ಮಾತ್ರ ಕಾಯಿಸಿ ಹಾಕ್ತಿದ್ದೆ. ಕಲ್ಲು ಮುಟ್ಟೇ ಇಲ್ಲ," ಎಂದೆ. ಅದು ಸಾಲದೆಂಬಂತೆ, "ಇಲ್ಲಿನ ಹವಾಕ್ಕೆ ತಾನಾಗೇ ಕರಗಿರಬಹುದು," ಎಂದೂ ಸೇರಿಸಿದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಹೊಸದಾಗಿ ತಿಳಿಯಾದ ಕಣ್ಣುಗಳು, ನೀರು ಸುರಿಯುತ್ತಿತ್ತು. ಆಪರೇಷನ್ ಆದವರಿಗೆ ಹಾಗೆ ಸುರಿಯುತ್ತದೆ. ಕೂಗಾಡುತ್ತಾರೆ, ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಾರೆ ಎಂದು ನಾನು ಸಿದ್ಧಳಾಗಿದ್ದೆ. "ಇರಬೌದು," ಎಂದರು. "ಒದ್ದೀ ದೇಶ." ಡಬ್ಬಿ ಮುಚ್ಚಿ ಎದ್ದರು. ಚಹಾ ಕುಡಿಯಲಿಲ್ಲ. ಹೋಳಿಗೆಯ ಪೊಟ್ಟಣ ಮೇಜಿನ ಮೇಲೇ ಉಳಿಯಿತು.

ಬದುಕಿದೆ ಎನ್ನಿಸಿತು, ನಿಜ. ಆಮೇಲೆ ನನ್ನ ತಿರಸ್ಕಾರ ಇನ್ನೂ ಬೆಳೆಯಿತು. ನಿಜವಾಗಿ ಅದು ಹೊಸ ಖನಿಜವಾಗಿದ್ದರೆ ಇಷ್ಟಕ್ಕೇ ಬಿಡುತ್ತಿದ್ದರೇ? ಒಳಗೊಳಗೆ ಅವರಿಗೂ ಗೊತ್ತಿತ್ತು, ಬರೀ ಬೂಷ್ಟೇ ಅದು, ಈಗ ಹೇಳಿಕೊಳ್ಳಲು ಒಂದು ನೆಪ ಸಿಕ್ಕಿತು ಎಂದು ಗಂಡನಿಗೆ ಹೇಳಿದೆ. ಹಾಗೆ ಹೇಳುವುದರಿಂದ ನನಗೆ ಹಗುರವಾಗುತ್ತಿತ್ತು. ಅವರು ದೀಪಾವಳಿಯ ಊಟಕ್ಕೆ ಬಂದರು, ಜೇಬಿನಿಂದ ಏನೂ ತೆಗೆಯಲಿಲ್ಲ. ಎಲ್ಲರೂ ಚಿತ್ರಾನ್ನವನ್ನು ಬಿಸಿಬಿಸಿಯಾಗಿಯೇ ತಿಂದರು. ಬೀದಿಯ ಕಸದ ಚೀಲಗಳನ್ನು ಯಾರೂ ಬಿಚ್ಚಲಿಲ್ಲ. ನಮ್ಮ ಮನೆಗಂತೂ ಅವರು ಮತ್ತೆ ಬರಲೇ ಇಲ್ಲ.

ವರ್ಷ ತುಂಬುವುದರೊಳಗೆ ಅವರ ಮಗಳಿಗೆ ಸಿಂಗಪುರದಲ್ಲೇ ಕೆಲಸ ಕಾಯಂ ಆಯಿತು. ಅವರು ಬಳ್ಳಾರಿಗೆ ತಂಗಿಯ ಮನೆಗೆ ಹೊರಟರು. ಕಲ್ಲುಗಳನ್ನೆಲ್ಲ ಚೀಟಿ ಸಮೇತ ಯಾವುದೋ ಕಾಲೇಜಿಗೆ ಕೊಟ್ಟರೆಂದು ಕೇಳಿದೆ. ಮನೆ ಖಾಲಿ ಮಾಡುವ ದಿನ ಮಗಳು ದೊಡ್ಡ ಚೀಲ ಹಿಡಿದು ಬಂದಳು. ಒಳಗೆ ನನ್ನ ಡಬ್ಬಿಗಳು, ಎಲ್ಲ ಬೆಳಗಿ ಒರೆಸಿದವು. ಒಂದು ಡಬ್ಬಿ ಮಾತ್ರ ಭಾರವಾಗಿತ್ತು. "ಆಂಟಿ, ಇದು ನಿಮ್ಮ ಹತ್ರಾನೇ ಇರ್ಬೇಕು ಅಂದ್ರು ಅಪ್ಪ. ಐ ಡೋಂಟ್ ನೋ ವೈ," ಎಂದಳು. ತೆರೆಯದೆ ಉಗ್ರಾಣದ ಮೇಲಿನ ಹಲಗೆಗೆ ತಳ್ಳಿದೆ. ಅವರನ್ನು ಕಳಿಸಿಕೊಡಲು ನಾನು ಗೇಟಿನವರೆಗೂ ಹೋಗಲಿಲ್ಲ, ಕಾಲೇಜಿಗೆ ಹೊತ್ತಾಗಿತ್ತು.

ಎರಡು ವರ್ಷದ ಹಿಂದೆ ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಸಾಲಾಗಿ ಕೈಮುಗಿದ ಚಿತ್ರಗಳು. ನಾನೂ ಒಂದು ಕಳಿಸಿ ಪ್ರಯೋಗಾಲಯಕ್ಕೆ ಹೋದೆ.

ಪ್ರತಿ ನವರಾತ್ರಿಗೂ ಅತ್ತೆ ಫೋನಿನಲ್ಲಿ ಕೇಳುತ್ತಾರೆ, "ಆ ಕಲ್ಲಿನವರಿಗೆ ನೀನು ಅವತ್ತು ಹೇಳಿದ್ದಿಯಲ್ಲ?" ಹೇಳಿದ್ದೆ ಅತ್ತೆ, ಅವರು ನಕ್ಕುಬಿಟ್ಟರು ಎನ್ನುತ್ತೇನೆ. ಮೊದಲ ವರ್ಷ ಈ ಸುಳ್ಳಿಗೆ ನಾಲಿಗೆ ತಡವರಿಸಿತ್ತು. ಈಗ ಸಲೀಸಾಗಿ ಬರುತ್ತದೆ, ಅವರು ನಕ್ಕ ಬಗೆಯನ್ನೂ ವರ್ಣಿಸಬಲ್ಲೆ.

ಕಳೆದ ವಾರ ಆ ಬಿಳಿ ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ಉಗ್ರಾಣಕ್ಕೆ ಹೋಗಿ ಡಬ್ಬಿ ಇಳಿಸಿದೆ. ಮಣಿಗಳೆಲ್ಲ ಗುಲಾಬಿಯಾಗಿದ್ದವು. ಕಲ್ಲು ಹಾಗೇ ಇತ್ತು, ಕಂದು, ಬೋಳು. ಅದರ ಅಡಿಯಲ್ಲಿ ಚೀಟಿ. ಬೂಟಿನ ಮಾತಿನ ಕೆಳಗೆ ಅದೇ ಪುಟ್ಟ ಅಕ್ಷರಗಳಲ್ಲಿ ಹೊಸ ಸಾಲುಗಳು ಸೇರಿದ್ದವು.

"ಹಳದಿ ಪದರ ಸುಬಾಂಗ್ ಜಯಾದಲ್ಲಿ ಹೋಯಿತು. ಹವೆಗೆ ಅಲ್ಲ, ನೀರಿಗೆ. ತಿಕ್ಕಿದ ಗುರುತು ಇದೆ. ಸಂದಿಯಲ್ಲಿ ಕುಂಕುಮ ಇದೆ. ಮುಟ್ಟಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಅವರು ಹೇಳಿದ್ದನ್ನು ಬರೆದಿದ್ದೇನೆ. ಹೊಸ ಖನಿಜ ಹೌದೋ ಅಲ್ಲವೋ ಇನ್ನು ತಿಳಿಯುವುದಿಲ್ಲ. ಈಗ ಇರುವುದು ಡಾಕ್ಟರ್ ಹತ್ತಿರ."

ಅಷ್ಟೇ. ಒಂದು ಬೈಗುಳವಿಲ್ಲ, ಒಂದು ಅಡ್ಡಮಾತಿಲ್ಲ. ಹೋಗುವಾಗಲೂ ನನ್ನನ್ನು ಹೀಗೆ ಸಿಕ್ಕಿಸಿ ಹೋದರಲ್ಲ ಎಂದು ಮೊದಲು ಸಿಟ್ಟೇ ಬಂತು. ಇಂದಿಗೂ ಅವರು ನನಗೆ ಇಷ್ಟವಿಲ್ಲ. ಅವರು ಜಂಬದ ಮನುಷ್ಯ, ಒರಟು ಮನುಷ್ಯ, ಊಟದ ಮುಂದೆ ಬಾಯಿಗೆ ಬಂದ ಸುಳ್ಳನ್ನೆಲ್ಲ ಹೇಳಿದವರು, ಅದರಲ್ಲಿ ಒಂದಕ್ಷರವನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಬದುಕಿನಲ್ಲಿ ಅವರು ಪೂರ್ತಿ ನಿಜ ಹೇಳುತ್ತಿದ್ದ ಜಾಗ ಒಂದೇ ಒಂದಿತ್ತು, ಈ ಬೆರಳಗಲದ ಕಾಗದ. ಅದರ ಮೇಲೆ ಇರುವ ಒಂದೇ ಒಂದು ಸುಳ್ಳು ನನ್ನದು. ಅದನ್ನು ಅವರು ಅಳಿಸಲಿಲ್ಲ, ತಿದ್ದಲಿಲ್ಲ. ನನ್ನದೆಂದೇ ಬರೆದಿಟ್ಟು, ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದರು.

ನಾನು ಮೇಜಿಗೆ ಬಂದು, ಸ್ಲೈಡಿಗೆ ಬರೆಯುವ ಸಣ್ಣ ಮೊನೆಯ ಪೆನ್ನು ತೆಗೆದೆ. "ತೊಳೆದದ್ದು ನಮ್ಮ ಮನೆಯಲ್ಲಿ, ಆಯುಧಪೂಜೆಯ ದಿನ. ಬೇಡ ಎನ್ನದವಳು ನಾನು. ಡಾಕ್ಟರ್ ಹೇಳಿದ್ದು ಸುಳ್ಳು." ಬರೆದು ಮುಗಿಸಿ ಮೂಲೆಮನೆಯ ಕಡೆ ನೋಡಿದೆ. ಅಲ್ಲಿ ಈಗ ಚೀನೀ ಕುಟುಂಬವಿದೆ, ಅಂಗಳದಲ್ಲಿ ಒಗೆದ ಬಟ್ಟೆ ಹಾರುತ್ತಿತ್ತು. ಇದನ್ನು ಓದಬೇಕಾಗಿದ್ದವರು ಇಲ್ಲ. ಇದ್ದಾಗ ಎರಡು ಹೆಜ್ಜೆ ನಡೆದು ಹೇಳಬಹುದಿತ್ತು, ಒಂದು ವರ್ಷ ಪೂರ್ತಿ ಸಮಯವಿತ್ತು...

ಗುಲಾಬಿ ಮಣಿಗಳನ್ನು ತಟ್ಟೆಗೆ ಸುರಿದು ಓವನ್ನಿಗೆ ಇಟ್ಟೆ. ಏನು ಮಾಡ್ತಿದೀಯಾ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಅವು ನೀಲಿಯಾಗುವವರೆಗೂ ಮುಂದೆಯೇ ನಿಂತಿದ್ದು, ಆರ ಹಾಕಿ, ಡಬ್ಬಿಗೆ ತುಂಬಿ, ಶೂ ಪೆಟ್ಟಿಗೆಯ ಪೊಟ್ಟಣವನ್ನೂ ಜೊತೆಗೆ ಹಾಕಿ ಮುಚ್ಚಿದೆ. ಕಾಪಾಡುವುದಕ್ಕೆ ಆ ಕಲ್ಲಿನ ಮೇಲೆ ಈಗ ಏನೂ ಇಲ್ಲ. ಆದರೂ ಮುಂದಿನ ಶನಿವಾರ ಮತ್ತೆ ಕಾಯಿಸಬೇಕು.